‘ಆಟಿಸಂ ಅಲ್ವಾ’ ಎಂದು ಕೈಬಿಡಬೇಡಿ

ಮಾನ್ಯರೇ,

ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನ ಬಂದರೆ ಪತ್ರಿಕೆಗಳಲ್ಲಿ ಆಟಿಸಂ (ಮಾತಾಡುವುದು, ಜನರೊಡನೆ ಬೆರೆಯುವುದು ಚಿಕ್ಕಂದಿನಿಂದಲೇ ಬೇರೆ ಥರ ಇರುವ ಸ್ಥಿತಿ) ಬಗ್ಗೆ ಒಳ್ಳೆಯ ಲೇಖನಗಳು ಬರುತ್ತವೆ. ಹೆಚ್ಚಿನವು ಪುಟ್ಟ ಮಕ್ಕಳ ಬಗ್ಗೆ. ಆಟಿಸಂ ಇರುವ ನನ್ನ ಮಗನಿಗೆ ಈಗ 23 ವರ್ಷ. ಅವನಂಥವರ ಮನಸ್ಸಿನ ಬಗ್ಗೆಯೂ ನಾಲ್ಕು ಮಾತು ಬರಲಿ ಅಂತ ಈ ಪತ್ರ.

ಅವನಿಗೆ ಬಸ್ ಅಂದರೆ ಪ್ರಾಣ. ದಿನಾ ಸಂಜೆ ಗೇಟಿನ ಹತ್ತಿರ ನಿಂತು, ಹೋಗುವ ಬಸ್ಸುಗಳ ನಂಬರನ್ನೆಲ್ಲ ಹಳೇ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. 18 ತುಂಬಿತು, ವಿಶೇಷ ಶಾಲೆ ಮುಗಿಯಿತು. ಕೆಲವೇ ದಿನಕ್ಕೆ ‘ನಾಳೆ ಕರೆಂಟ್ ಹೋಗತ್ತಾ?’ ಅಂತ ಶುರು ಮಾಡಿದ. ಬೆಳಿಗ್ಗೆಯಿಂದ ರಾತ್ರಿವರೆಗೂ ಅದೇ ಪ್ರಶ್ನೆ. ಉಗುರಿನ ಪಕ್ಕದ ಚರ್ಮ ಕಿತ್ತು ಕಿತ್ತು ರಕ್ತ ಬರುತ್ತಿತ್ತು. ಹಟ ಅಂದುಕೊಂಡು ಗದರಿಬಿಟ್ಟಿದ್ದೇನೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಆ ಪ್ರಶ್ನೆಯೂ ನಿಂತಿತು. ಡೈರಿ ಮುಟ್ಟಲಿಲ್ಲ. ಇಷ್ಟದ ಚಿತ್ರಾನ್ನ ಮಾಡಿದರೂ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದ.

ಮೊದಲು ತೋರಿಸಿದ ಡಾಕ್ಟರು, ‘ಆಟಿಸಂ ಇರೋರು ಹೀಗೇ ಅಲ್ವಾಮ್ಮಾ’ ಅಂದರು. ಒಂದು ವರ್ಷ ಸುಮ್ನೆ ಹೋಯಿತು. ಇನ್ನೊಬ್ಬ ಮನೋವೈದ್ಯರು ಕೇಳಿದ್ದು ಎರಡೇ ಮಾತು: ‘ಮೊದಲು ಏನನ್ನ ಖುಷಿಯಿಂದ ಮಾಡ್ತಿದ್ದ? ಯಾವಾಗ ಬಿಟ್ಟ?’ ಕರೆಂಟಿನ ಪ್ರಶ್ನೆ ಆತಂಕ, ಮುಚ್ಚಿದ ಡೈರಿ ಖಿನ್ನತೆ ಅಂತ ನನಗೆ ಅರ್ಥವಾಗಿದ್ದು ಆವತ್ತು. ಔಷಧಿ ಶುರುವಾಯಿತು. ದಿನದಲ್ಲಿ ಏನಾದ ಮೇಲೆ ಏನು ಅಂತ ಚಿತ್ರ ಬರೆದು ಗೋಡೆಗೆ ಅಂಟಿಸಿದೆವು. ನಿಧಾನಕ್ಕೆ ಊಟ ಸೇರಿತು.

ತಮ್ಮೊಳಗೆ ಆಗುತ್ತಿರುವುದು ಭಯವೋ ಬೇಜಾರೋ ಅಂತ ಗುರುತಿಸುವುದೇ ಆಟಿಸಂ ಇರುವ ಎಷ್ಟೋ ಜನರಿಗೆ ಕಷ್ಟ. ಇನ್ನು ಬಾಯಿಬಿಟ್ಟು ಹೇಳುವುದೆಲ್ಲಿ? ಆಟಿಸಂ ಇರುವ ವಯಸ್ಕರ ಮೇಲಿನ ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಜೀವನದಲ್ಲಿ ಎಂದಾದರೂ ಆತಂಕದ ಕಾಯಿಲೆ ಅನುಭವಿಸಿದವರು ನೂರಕ್ಕೆ ಸುಮಾರು 42, ಖಿನ್ನತೆ ಅನುಭವಿಸಿದವರು 37. ಇದು ಸಣ್ಣ ಸಂಖ್ಯೆಯಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಆಟಿಸಂ ಬೇರೆ, ಮಾನಸಿಕ ಕಾಯಿಲೆ ಬೇರೆ. ಒಬ್ಬರಿಗೇ ಎರಡೂ ಇರಬಹುದು, ಎರಡನೆಯದಕ್ಕೆ ಚಿಕಿತ್ಸೆಯೂ ಇದೆ.

ಮಕ್ಕಳು ಇಷ್ಟದ್ದನ್ನು ದಿಢೀರ್ ಬಿಟ್ಟರೆ, ನಿದ್ದೆ ಕೆಟ್ಟರೆ ಹೆತ್ತವರು ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆರೋಗ್ಯ ಇಲಾಖೆಗೆ ಒಂದೇ ಬೇಡಿಕೆ: ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ವಾರಕ್ಕೆ ಅರ್ಧ ದಿನವಾದರೂ ಆಟಿಸಂ ಇರುವವರಿಗೇ ಅಂತ ಸಮಯ ಕೊಡಿ. ಆ ನೂಕುನುಗ್ಗಲು, ಹೆಸರು ಕೂಗುವ ಗದ್ದಲದಲ್ಲಿ ಎರಡು ತಾಸು ಕಾಯಲಾಗದೆ, ಡಾಕ್ಟರ ಮುಖ ನೋಡದೆಯೇ ನಾವು ಮೂರು ಸಲ ವಾಪಸ್ ಬಂದಿದ್ದೇವೆ.

– ಒಬ್ಬ ತಾಯಿ, ದಾವಣಗೆರೆ