ಒಂದನೇ ಕ್ಲಾಸಿನ ಪೋಷಕರಿಗೆ: ಟೀಚರ್ ಕರೆದರೆ ಗಾಬರಿ ಬೇಡ

ಎಲ್ಲರಿಗೂ ನಮಸ್ಕಾರ. ಶನಿವಾರ ಪೋಷಕರ ಸಭೆ ಇದೆ. 'ನಿಮ್ಮ ಮಗು ಸ್ವಲ್ಪ ಹಿಂದೆ ಇದೆ' ಅಂತ ಈಗಾಗಲೇ ಕೆಲವರಿಗೆ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಅದಕ್ಕೇ ಈ ಸೂಚನೆ.

ಹಿಂದೆ ಅಂದರೆ ಯಾವುದರಲ್ಲಿ ಅಂತ ಮೊದಲು ಕೇಳಿ. ನೋಟ್‌ಬುಕ್ ತೆರೆಸಿ ನೋಡಿ. ಬೋರ್ಡ್ ನೋಡಿ ಬರೆಯುವಾಗ ಮಾತ್ರ ತಪ್ಪಾಗುತ್ತಿದೆಯಾ? ಹಾಗಿದ್ದರೆ ಮೊದಲು ಕಣ್ಣು ತೋರಿಸಿ. ಉಕ್ತಲೇಖನದಲ್ಲಿ ಜಾಸ್ತಿ ತಪ್ಪಾ? ಕಿವಿ ತೋರಿಸಿ. ಪದೇ ಪದೇ ನೆಗಡಿ ಆಗುವ ಮಕ್ಕಳಿಗೆ ಕಿವಿ ಮಂದವಾಗುವುದುಂಟು, ಮನೆಯಲ್ಲಿ ನಮಗೆ ಗೊತ್ತೇ ಆಗಲ್ಲ. ಪ, ಷ ಅದಲುಬದಲಾಗುವುದು, ಒತ್ತಕ್ಷರ ಬಿಟ್ಟುಹೋಗುವುದು ಈ ವಯಸ್ಸಿಗೆ ಮಾಮೂಲಿ. ಕಲಿಕಾ ನ್ಯೂನತೆ ಅಂತ ಖಚಿತವಾಗಿ ಹೇಳುವುದು ಸಾಮಾನ್ಯವಾಗಿ ಎಂಟು ವರ್ಷದ ಆಸುಪಾಸಿನಲ್ಲೇ. ಈಗಲೇ ಹೆಸರು ಅಂಟಿಸಬೇಡಿ.

ಹಾಗಂತ ಸುಮ್ನೆ ಕೂರುವುದೂ ಬೇಡ. ಟೀಚರ್ ಜೊತೆ ಒಂದೆರಡು ಗುರಿ ಇಟ್ಟುಕೊಂಡು ಆರು ವಾರ ಬಿಟ್ಟು ಮತ್ತೆ ಭೇಟಿಯಾಗಿ. ಮಾತೇ ಸ್ಪಷ್ಟವಿಲ್ಲ, ಕರೆದರೆ ತಿರುಗಲ್ಲ, ಕಲಿತದ್ದೇ ಮರೆಯುತ್ತಿದೆ ಅನ್ನಿಸಿದರೆ ಮಾತ್ರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಮಾತು, ಕಿವಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕೆಯ ತೊಂದರೆ ತೋರಿಸಲು ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ ಇದೆ.

ಮಗುವಿನ ಎದುರು 'ಪಕ್ಕದ್ಮನೆ ಹುಡುಗಿ ಎಷ್ಟು ಚೆನ್ನಾಗಿ ಓದ್ತಾಳೆ' ಅನ್ನಬೇಡಿ. ಟೀಚರ್ ಮೇಲೆ ಸಿಟ್ಟೂ ಬೇಡ. ನಲವತ್ತು ಮಕ್ಕಳ ನಡುವೆ ನಿಮ್ಮದನ್ನು ಗಮನಿಸಿದ್ದಾರೆ, ಅಲ್ವಾ?

ದಯವಿಟ್ಟು ಮಕ್ಕಳ ಹೆಸರು, ನೋಟ್‌ಬುಕ್ ಫೋಟೋ, ರಿಪೋರ್ಟ್ ಯಾವುದನ್ನೂ ಈ ಗುಂಪಿನಲ್ಲಿ ಹಾಕಬೇಡಿ. ಕೇಳುವುದಿದ್ದರೆ ನನಗೆ ನೇರವಾಗಿ ಮೆಸೇಜ್ ಮಾಡಿ.