ಪುಟ್ಟಿಯ ಓಟ, ನೆಸ್ಕ್ಯಾಕ್ ಕಾಲೇಜುಗಳು

ಹಾರ್ಟ್‌ಫರ್ಡ್, ಕನೆಕ್ಟಿಕಟ್

ಪ್ರೀತಿಯ ಅಣ್ಣ, ಅತ್ತಿಗೆಗೆ ನಮಸ್ಕಾರಗಳು.

ಪುಟ್ಟಿಯ 1500 ಮೀಟರ್ ಓಟಕ್ಕೆ ಇಲ್ಲಿ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಮನಸ್ಸಿನಲ್ಲಿರುವುದು ನೆಸ್ಕ್ಯಾಕ್ ಕೂಟದ ಕಾಲೇಜುಗಳು. ಅಮೆರಿಕದ ಈಶಾನ್ಯ ಭಾಗದ ಸಣ್ಣ ಕಾಲೇಜುಗಳು ತಮ್ಮತಮ್ಮಲ್ಲಿ ಆಟದ ಪಂದ್ಯ ನಡೆಸಲು ಕಟ್ಟಿಕೊಂಡ ಕೂಟ ಅದು. ಆಟಕ್ಕೆಂದು ಅಲ್ಲಿ ಒಂದು ಡಾಲರ್ ಕೂಡ ಕೊಡುವುದಿಲ್ಲ. ಆದರೂ ಓದಿನಲ್ಲಿ ಮುಂದಿರುವ ಅವಳಿಗೆ ಇದೇ ಸರಿ ಎನಿಸುತ್ತದೆ.

1971ರಲ್ಲಿ ಶುರುವಾದ ಈ ಕೂಟದಲ್ಲಿ ಈಗ ಹನ್ನೊಂದು ಕಾಲೇಜುಗಳಿವೆ. ಮೇನ್ ರಾಜ್ಯದಲ್ಲಿ ಬೇಟ್ಸ್, ಬೋಡಿನ್, ಕೋಲ್ಬಿ. ಮ್ಯಾಸಚೂಸೆಟ್ಸ್‌ನಲ್ಲಿ ಆಮ್ಹರ್ಸ್ಟ್, ವಿಲಿಯಮ್ಸ್, ಟಫ್ಟ್ಸ್. ನಮ್ಮ ಕನೆಕ್ಟಿಕಟ್‌ನಲ್ಲಿ ಟ್ರಿನಿಟಿ, ವೆಸ್ಲಿಯನ್, ಕನೆಕ್ಟಿಕಟ್ ಕಾಲೇಜ್. ವರ್ಮಾಂಟ್‌ನಲ್ಲಿ ಮಿಡಲ್‌ಬರಿ, ನ್ಯೂಯಾರ್ಕ್ ರಾಜ್ಯದಲ್ಲಿ ಹ್ಯಾಮಿಲ್ಟನ್. ಎಲ್ಲವೂ ಎನ್‌ಸಿಎಎ, ಅಂದರೆ ಇಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆಯ ಮೂರನೇ ಡಿವಿಷನ್; ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲದ ವಿಭಾಗ ಅದು.

ಇಲ್ಲಿ ದುಡ್ಡು ಬರುವುದು ಮನೆಯ ಆದಾಯ ನೋಡಿ ಕೊಡುವ ನೆರವಿನಿಂದ. ಅದಕ್ಕೆ ಹೆಚ್ಚಿನ ಕಡೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ತುಂಬಬೇಕು. ಐಟಿ ರಿಟರ್ನ್, ತೋಟ, ಮನೆ, ಎಫ್‌ಡಿ ಎಲ್ಲದರ ಲೆಕ್ಕ ಕೇಳುತ್ತಾರೆ. ಆಮ್ಹರ್ಸ್ಟ್ ಮತ್ತು ಬೋಡಿನ್ ವಿದೇಶಿ ವಿದ್ಯಾರ್ಥಿಗಳಿಗೂ ನೆರವು ಬೇಕೋ ಬೇಡವೋ ಎಂದು ನೋಡದೆ ಸೀಟು ಕೊಡುತ್ತವೆ. ಹೆಚ್ಚಿನ ಕಡೆ ಅದನ್ನೂ ತೂಗಿ ನೋಡುತ್ತಾರೆ. ಎಡವುವುದು ಇಲ್ಲೇ: ಸೀಟು ಸುಲಭವಾಗಲಿ ಎಂದು ಮೊದಲು ನೆರವು ಬೇಡ ಎಂದು ಬರೆದು, ಸೇರಿದ ಮೇಲೆ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಬೇಕಿದ್ದರೆ ಅರ್ಜಿಯ ಜೊತೆಗೇ ಕೇಳಿ, ಅಣ್ಣ.

ಕೋಚ್ ಸೀಟು ಕೊಡುವವರಲ್ಲ, ಪ್ರವೇಶ ವಿಭಾಗದಲ್ಲಿ ಅವಳ ಪರ ಮಾತಾಡುವವರು. ಅವಳು ಎರಡನೇ ಪಿಯುಸಿಗೆ ಬಂದ ವರ್ಷದ ಜುಲೈ 1ರಿಂದ ಕೋಚ್ ಅವಳ ಅಂಕಪಟ್ಟಿಗಳನ್ನು ಪ್ರವೇಶ ವಿಭಾಗದ ಮುಂಚಿತ ಪರಿಶೀಲನೆಗೆ ಕೊಡಬಹುದು. ಹಾಗಾಗಿ ಒಂಬತ್ತು, ಎಸ್‌ಎಸ್‌ಎಲ್‌ಸಿ, ಮೊದಲ ಪಿಯುಸಿ ಅಂಕಪಟ್ಟಿಗಳು ಜೂನ್ ಒಳಗೆ ಸಿದ್ಧವಿರಲಿ. ಅಲ್ಲಿ ಒಪ್ಪಿಗೆಯ ಸೂಚನೆ ಬಂದರೆ ಕೋಚ್ 'ಅರ್ಲಿ ಡಿಸಿಷನ್' ಹಾಕಲು ಹೇಳುತ್ತಾರೆ. ಅದು ನವೆಂಬರ್ ಹೊತ್ತಿಗೆ, ಒಂದೇ ಕಾಲೇಜಿಗೆ. ಸೀಟು ಸಿಕ್ಕರೆ ಅಲ್ಲೇ ಸೇರುತ್ತೇನೆಂಬ ಮಾತು ಕೊಟ್ಟಂತೆ. ಎಷ್ಟು ನೆರವು ಬರಬಹುದೆಂಬ ಅಂದಾಜನ್ನು ಅದಕ್ಕೂ ಮೊದಲೇ ಕೇಳಿಕೊಳ್ಳಿ.

ಸ್ಟಾಪ್‌ವಾಚ್ ಟೈಮಿಂಗ್‌ಗೆ ಬೆಲೆ ಕಡಿಮೆ. ಎಲೆಕ್ಟ್ರಾನಿಕ್ ಟೈಮಿಂಗ್ ಇದ್ದ ಕ್ರೀಡಾಕೂಟದ ಫಲಿತಾಂಶವನ್ನೇ ಕಳಿಸಬೇಕು. ಇನ್ನು ರಸ್ತೆ ಓಟಗಳಲ್ಲಿ ನಗದು ಬಹುಮಾನ ಬಂದಿದ್ದರೆ ಎಲ್ಲಿ, ಎಷ್ಟು, ಹೋಗಿಬರಲು ತಗುಲಿದ ಖರ್ಚೆಷ್ಟು ಎಂದು ರಸೀದಿ ಸಮೇತ ಇಟ್ಟುಕೊಳ್ಳಿ. ಹೊಸದಾಗಿ ಸೇರುವ ವಿದೇಶಿ ಆಟಗಾರರ ಹವ್ಯಾಸಿ ಸ್ಥಾನಮಾನವನ್ನು, ಅಂದರೆ ಅವರು ದುಡ್ಡಿಗಾಗಿ ಆಡುವ ವೃತ್ತಿಪರರಲ್ಲ ಎಂಬುದನ್ನು, ಎನ್‌ಸಿಎಎ ಈಗ ಮೂರನೇ ಡಿವಿಷನ್‌ನಲ್ಲೂ ಪರಿಶೀಲಿಸುತ್ತದೆ.

ಅವಳ ಅಭ್ಯಾಸವೂ ಸ್ವಲ್ಪ ಬದಲಾಗಬೇಕು. ಇಲ್ಲಿ ಹುಡುಗಿಯರಿಗೆ ಶರತ್ಕಾಲದಲ್ಲಿ ಹುಲ್ಲು, ಗುಡ್ಡಗಳ ಮೇಲೆ 6 ಕಿಲೋಮೀಟರ್ ಕ್ರಾಸ್ ಕಂಟ್ರಿ. ಚಳಿಗಾಲದಲ್ಲಿ ಒಳಾಂಗಣ ಟ್ರ್ಯಾಕ್‌ನಲ್ಲಿ ಒಂದು ಮೈಲಿ. 1500 ಮೀಟರ್ ಬರುವುದು ವಸಂತದಲ್ಲಿ. ಬರೀ ವೇಗದ ಅಭ್ಯಾಸ ಸಾಲದು, ವಾರಕ್ಕೊಂದು ಉದ್ದ ಓಟ ಈಗಿನಿಂದಲೇ ಸೇರಿಸಲಿ.

ಅವಳ ಟೈಮಿಂಗ್ ಶೀಟ್, ಅಂಕಪಟ್ಟಿ ಸ್ಕ್ಯಾನ್ ಮಾಡಿ ಕಳಿಸಿ. ಕೋಚ್‌ಗಳಿಗೆ ಪತ್ರ ಅವಳೇ ಬರೆಯಲಿ. ಅಪ್ಪ ಬರೆದ ಪತ್ರಕ್ಕಿಂತ ಅದಕ್ಕೆ ಇಲ್ಲಿ ತೂಕ ಹೆಚ್ಚು. ಕಳಿಸುವ ಮುಂಚೆ ನಾನೊಮ್ಮೆ ಓದಿ ಹೇಳುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ತಮ್ಮ