ಅಪ್ಪ ಕಾರ್ ಕೊಡಿಸ್ತೀನಿ ಅಂದಿದ್ದಕ್ಕೆ ರೇಗ್ಬೇಡ ಕಣೋ

ಪುಟ್ಟಾ, ನಿಮ್ಮತ್ತೆಯ ಆಶೀರ್ವಾದ.

ಅಪ್ಪ ಮಗ ಮಾತು ಬಿಟ್ಟಿದ್ದೀರಂತೆ, ಅತ್ತಿಗೆ ಫೋನಲ್ಲಿ ಹೇಳಿದ್ರು. ಅಣ್ಣ ಡೌನ್ ಪೇಮೆಂಟ್ ನಾನೇ ಕಟ್ತೀನಿ ಕಾರ್ ತಗೋ ಅಂದ್ನಂತೆ, ನೀನು ಊರು ತುಂಬಾ ಹೊಗೆ ತುಂಬಿಸಿದ್ದೇ ನಿಮ್ ಜನರೇಷನ್ನು ಅಂದ್ಯಂತೆ.

ಕಾರ್ ಬೇಡ ಅಂದಿದ್ದು ಸರಿನೇ. ಬೆಂಗ್ಳೂರಲ್ಲಿ ಗಾಡಿಗಳು ಒಂದು ಕೋಟಿ ದಾಟಿವೆ, ಎಲೆಕ್ಟ್ರಿಕ್ ಕಾರೇ ತಗೊಂಡ್ರೂ ಹೊಗೆ ಬರಲ್ಲ ಅಷ್ಟೇ, ರೋಡಲ್ಲಿ ಜಾಗ ಅದೂ ಅಷ್ಟೇ ಹಿಡಿಯುತ್ತೆ. 2025ರ ಆಗಸ್ಟಲ್ಲಿ ಮೆಟ್ರೋ ಹಳದಿ ಲೈನ್ ಶುರುವಾದಾಗ ಇದ್ದಿದ್ದೇ ಮೂರು ರೈಲು, 25 ನಿಮಿಷಕ್ಕೊಂದು, ಆಗ್ಲೂ ನೀನು ಆರ್.ವಿ. ರೋಡ್ ಸ್ಟೇಷನ್ನಲ್ಲಿ ಕಾದು ನಿಂತು ಆಫೀಸಿಗೆ ಹೋಗ್ತಿದ್ದೆ, ಸಿಲ್ಕ್ ಬೋರ್ಡ್ ಜಾಮನ್ನ ಮೇಲಿಂದ ವಿಡಿಯೋ ಮಾಡಿ ಕಳಿಸಿದ್ದೆ, ನಂಗೆಷ್ಟು ಹೆಮ್ಮೆಯಾಗಿತ್ತು ಗೊತ್ತಾ.

ಆದ್ರೆ ಅಣ್ಣನಿಗೆ ಹಂಗಂದಿದ್ದು ತಪ್ಪು. ಅವನು ಹೈಸ್ಕೂಲಿಗೆ ನಡ್ಕೊಂಡೇ ಹೋದೋನು, ಕಾಲೇಜಿಗೆ ಯಾರೋ ಬಿಟ್ಟ ಹಳೇ ಅಟ್ಲಾಸ್ ಸೈಕಲ್ಲು, ಚೈನ್ ಕವರ್ ಇರ್ಲಿಲ್ಲ, ಪ್ಯಾಂಟಿನ ತುದಿಗೆ ರಬ್ಬರ್ ಬ್ಯಾಂಡ್ ಹಾಕ್ಕೊಂಡ್ರೂ ಗ್ರೀಸ್ ಮೆತ್ತಿರೋದು, ಕ್ಲಾಸಲ್ಲಿ ಕಾಲು ಬೆಂಚಿನ ಒಳಗೆ ಎಳ್ಕೊಂಡು ಕೂರ್ತಿದ್ದೆ ಅಂತ ಈಗ್ಲೂ ಹೇಳ್ತಾನೆ. ಆಮೇಲೆ ವರ್ಷಗಟ್ಟಲೆ ಫುಟ್‌ಬೋರ್ಡಲ್ಲಿ ಜೋತಾಡಿದ್ದು. ನೀನು ಬಸ್ಸು ಮೆಟ್ರೋ ಇಷ್ಟಪಟ್ಟು ಹತ್ತುತ್ತೀಯ, ಅವನಿಗೆ ಅದು ಗತಿ ಇಲ್ದಾಗಿನ ಪಾಡು, ಮಗನಿಗೆ ಆ ಪಾಡು ಬೇಡ ಅಂತ ದುಡ್ಡು ಕೂಡಿಟ್ಟಿದ್ದಾನೆ ಕಣೋ. ಇಲ್ಲಿ ಮೈಸೂರಲ್ಲೂ ಅಷ್ಟೇ, 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಬಂದಾಗ ನಮ್ ಬೀದೀಲಿ ಹೊಡೆದಿದ್ದೆಲ್ಲ ಹುಡುಗ್ರು, ಸೈಕಲ್ ತುಳಿದೇ ಬೆಳೆದ ನನ್ ವಯಸ್ಸಿನೋರು ಹತ್ರಾನೂ ಹೋಗ್ಲಿಲ್ಲ.

ಇನ್ನೊಂದು, ಅಣ್ಣನ ಮಂಡಿ ನೋವು ನಿಂಗೆ ಗೊತ್ತಿಲ್ವಾ? ಮನೆಯಿಂದ ಸ್ಟೇಷನ್ ತನಕ ಫುಟ್‌ಪಾತ್ ಎಲ್ಲಿದೆ ಹೇಳು, ಇರೋ ಕಡೆ ಬೈಕ್ ನಿಂತಿರುತ್ತೆ. ಫೀಡರ್ ಬಸ್ಸಿಗೆ ಎಷ್ಟೊತ್ತು ಕಾಯೋದು? 2025ರ ಫೆಬ್ರವರೀಲಿ ಮೆಟ್ರೋ ಟಿಕೆಟ್ 90 ರೂಪಾಯಿ ತನಕ ಏರಿಸಿದಾಗ ಬೈಕಿಗೆ ವಾಪಸ್ ಹೋದೋರ್ನ ಬೈದ್ರೆ ಏನ್ ಬಂತು, ನಿಮ್ ಸಿಟ್ಟೆಲ್ಲ ಅಲ್ಲಿ ತೋರಿಸ್ಬೇಕು, ಫುಟ್‌ಪಾತು, ಬಸ್ಸು, ಟಿಕೆಟ್ ರೇಟು ಇವುಗಳ ಮೇಲೆ. ಅಪ್ಪನ ಮೇಲಲ್ಲ.

ಭಾನುವಾರ ರಶ್ ಕಮ್ಮಿ, ಅವನನ್ನ ಮೆಟ್ರೋದಲ್ಲಿ ಕರ್ಕೊಂಡು ಹೋಗು, ಲಿಫ್ಟ್ ಇರೋ ಕಡೆಯಿಂದಾನೇ ಹತ್ತಿಸು, ಸೀಟ್ ಹಿಡಿದು ಕೂರಿಸು, ದಾರೀಲಿ ಪರಿಸರದ ಪಾಠ ಮಾತ್ರ ಬೇಡ. ಡೌನ್ ಪೇಮೆಂಟ್ ದುಡ್ಡು ಬೇಡಾಂತ ಮುಖಕ್ಕೆ ಹೊಡೆದಂಗೆ ಹೇಳ್ಬೇಡ, ಅಮ್ಮನ ಹೆಸ್ರಲ್ಲಿ ಡಿಪಾಸಿಟ್ ಇಡಿಸಿ, ಬೇಕಾದಾಗ ಕೇಳ್ತೀನಿ ಅನ್ನು.

ಇವತ್ತು ರಾತ್ರಿನೇ ಫೋನ್ ಮಾಡು. ಮೊದ್ಲು ಅವನಿಗೆ, ಆಮೇಲೆ ನಂಗೆ.